ಬೆಳಕಿನ ವೇಗವೂ ಮೈಕೆಲ್ಸನ್ನನ ಪ್ರಯೋಗವೂ

ಬೆಳಕು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಲು ಕಾಲ ಹಿಡಿಯುವುದೆಂಬ ಮಾತು ಹದಿನೇಳನೆಯ ಶತಮಾನದವರೆಗೆ ತರ್ಕದ ವಿಷಯವಾಗಿದ್ದಿತೇ ಹೊರತು ಅಳತೆಯ ವಿಷಯವಾಗಿರಲಿಲ್ಲ. 1676ರಲ್ಲಿ ಪ್ಯಾರಿಸ್ಸಿನ ವೇಧಶಾಲೆಯಲ್ಲಿದ್ದ ಡೆನ್ಮಾರ್ಕಿನ ರೋಮರನು, ಗುರುಗ್ರಹದ ಮೊದಲನೆಯ ಚಂದ್ರನು ನವೆಂಬರ್ 9ರಂದು ಗ್ರಹಣದಿಂದ ಹೊರಬರುವುದು ಲೆಕ್ಕಕ್ಕಿಂತ 10 ನಿಮಿಷ ತಡವಾಗುವುದೆಂದು ಮುಂಚಿತವಾಗಿ ಸಾರಿದನು, ಹಾಗೆಯೇ ಆಯಿತು. ಆ ತಡವು ಬೆಳಕಿನ ಪ್ರಯಾಣಕ್ಕೆ ಹಿಡಿದ ಕಾಲವೆಂಬ ಅವನ ವಾದವನ್ನು ಎಲ್ಲರೂ ಒಡನೆಯೇ ಒಪ್ಪಲಿಲ್ಲ. 1728ರಲ್ಲಿ ಇಂಗ್ಲೆಂಡಿನ ಬ್ರ್ಯಾಡ್ಲಿಯು, ನಕ್ಷತ್ರಗಳು ವರ್ಷಕ್ಕೊಂದಾವರ್ತಿ ತಮ್ಮ ಸ್ಥಾನದಿಂದ ಕಿಂಚಿತ್ತು ಓಲಾಡುವಂತೆ ತೋರುವುದಕ್ಕೆ ಭೂಮಿಯ ಚಲನೆಯೂ ಬೆಳಕಿನ ವೇಗವೂ ಕೂಡಿ ಕಾರಣವೆಂದು ತೋರಿಸಿದ ಮೇಲೆ ಸಂದೇಹವು ತೀರಿತು.

ವಿಜಯನಗರದ ಸಾಯಣಾಚಾರ್ಯರು ಋಗ್ವೇದಭಾಷ್ಯದಲ್ಲಿ ಸೂರ್ಯನು ಅರ್ಧನಿಮೇಷದಲ್ಲಿ 2202 ಯೋಜನ ಸಂಚರಿಸುವನೆಂಬ ಸ್ಮೃತಿವಾಕ್ಯವನ್ನು ಉದಾಹರಿಸಿರುವುದನ್ನು ಕೆಲವರು ಬೆಳಕಿನ ವೇಗವೆಂದೇ ಎಣಿಸುವುದುಂಟು. ಅಲ್ಲಿ ಹೇಳಿರುವುದು ಸೂರ್ಯನ ಗತಿ. ಯೋಜನ ನಿಮೇಷಗಳ ಪ್ರಮಾಣವನ್ನೋ ಗ್ರಂಥಗಳು ಬೇರೆಬೇರೆಯಾಗಿ ಹೇಳುತ್ತವೆ. ಬೇಕಾದುದನ್ನು ಆರಿಸಿಕೊಂಡರೆ ಬೇಕಾದ ಉತ್ತರವು ಬರುವುದು. ಆಚಾರ್ಯರ ಪಾಂಡಿತ್ಯಕ್ಕೆ ಇಂತಹ ಒತ್ತಾಸೆಯ ಅವಶ್ಯಕತೆಯಿಲ್ಲವೆಂದು ನನ್ನ ಅಭಿಪ್ರಾಯ.

ವೇಗವು ಸೆಕೆಂಡಿಗೆ ಸುಮಾರು 1,86,000 ಮೈಲಿ ಎಂದು ಗೊತ್ತಾದೊಡನೆಯೇ ಇನ್ನೊಂದು ಪ್ರಶ್ನೆ ಏಳುತ್ತದೆ: ಯಾವುದನ್ನು ನಿಶ್ಚಲವೆಂದಿಟ್ಟುಕೊಂಡು ಈ ಲೆಕ್ಕ? ಶಬ್ದದ ವೇಗವನ್ನು ಗಾಳಿಯ ಸಂಬಂಧದಲ್ಲಿ ಹೇಳುತ್ತೇವೆ. ಬೆಳಕೂ ಒಂದು ಅಲೆಯೆಂದ ಮೇಲೆ ಅದನ್ನು ಹೊರುವ ದ್ರವ್ಯವೊಂದು ಬೇಡವೇ? ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಅದಕ್ಕೆ ಈಥರ್ ಎಂದು ಹೆಸರಿಟ್ಟು, ಅದು ವಿಶ್ವವನ್ನೆಲ್ಲ ತುಂಬಿಕೊಂಡು ನಿಶ್ಚಲವಾಗಿರುವುದೆಂದು ನಂಬಿದರು. ಹಾಗಿದ್ದಲ್ಲಿ ಭೂಮಿಯು ಸೆಕೆಂಡಿಗೆ ಹದಿನೆಂಟು ಮೈಲಿಗಿಂತ ಹೆಚ್ಚು ವೇಗದಿಂದ ಆ ಸಾಗರವನ್ನು ಸೀಳಿಕೊಂಡು ಹೋಗುತ್ತಿರಬೇಕು. 1879ರಲ್ಲಿ ಮ್ಯಾಕ್ಸ್‌ವೆಲ್ಲನು ಅಮೆರಿಕದ ಜ್ಯೋತಿಶ್ಶಾಸ್ತ್ರಜ್ಞ ಟಾಡ್ ಎಂಬವನಿಗೆ ಬರೆದ ಪತ್ರದಲ್ಲಿ, ನೆಲದ ಮೇಲಿನ ಪ್ರಯೋಗಗಳಲ್ಲಿ ಇದರ ಪರಿಣಾಮವು ಹತ್ತು ಕೋಟಿಯಲ್ಲೊಂದು ಭಾಗದಷ್ಟು ಮಾತ್ರವಾಗಿ, ಅಳೆಯಲು ಸಿಕ್ಕದೆಂದು ಹೇಳಿದನು. ಆಲ್ಬರ್ಟ್ ಮೈಕೆಲ್ಸನ್ ಎಂಬ ತರುಣ ನೌಕಾಧಿಕಾರಿಯ ಕಣ್ಣಿಗೆ ಆ ಪತ್ರವು ಬಿದ್ದಿತು. ಆನಾಪೊಲಿಸ್ಸಿನ ನೌಕಾವಿದ್ಯಾಲಯದಲ್ಲಿ ಬೆಳಕಿನ ವೇಗವನ್ನು ಆಗಲೇ ಅಳೆದಿದ್ದ ಅವನಿಗೆ 'ಸಿಕ್ಕದು' ಎಂಬ ಮಾತು ಪಂಥಾಹ್ವಾನದಂತೆ ತೋರಿರಬೇಕು.

ಅವನ ಉಪಾಯವು ಈಜುಗಾರರ ಲೆಕ್ಕವನ್ನು ಹೋಲುವುದು. ನಿಂತ ನೀರಿನಲ್ಲಿ ನಿಮಿಷಕ್ಕೆ 50 ಗಜ ಈಜಬಲ್ಲ ಇಬ್ಬರು ನಿಮಿಷಕ್ಕೆ 30 ಗಜ ಹರಿಯುವ ಹೊಳೆಗೆ ಇಳಿದರೆನ್ನೋಣ. ಒಬ್ಬನು ಪ್ರವಾಹದೊಡನೆ 400 ಗಜ ಹೋಗಿ ಎದುರೀಜಿ ಬರುವನು. ಹೋಗಲು 5 ನಿಮಿಷ, ಬರಲು 20, ಒಟ್ಟು 25. ಮತ್ತೊಬ್ಬನು 400 ಗಜ ಅಗಲದ ಹೊಳೆಯನ್ನು ನೇರವಾಗಿ ದಾಟಿ ಮರಳುವನು. ಸೆಳೆತಕ್ಕೆ ಕೊಂಚ ಎದುರಾಗಿ ಈಜಬೇಕಾದುದರಿಂದ ಅವನಿಗೆ ದಕ್ಕುವ ವೇಗ 40 ಗಜವಾಗಿ, ಒಟ್ಟು 20 ನಿಮಿಷವಾಗುವುದು. ಅಂತೆಯೇ ಒಂದು ಕಿರಣವನ್ನು ಇಬ್ಭಾಗಮಾಡಿ ಒಂದನ್ನು ಭೂಮಿಯ ಗತಿಯುದ್ದಕ್ಕೂ ಇನ್ನೊಂದನ್ನು ಅದಕ್ಕೆ ಅಡ್ಡಲಾಗಿಯೂ ಕಳುಹಿಸಿ ಮರಳಿ ಕೂಡಿಸಿದರೆ, ಕಂಡುಬರುವ ಕಪ್ಪುಬಿಳುಪು ಪಟ್ಟೆಗಳು ಉಪಕರಣವನ್ನು ತಿರುಗಿಸಿದಂತೆ ಸರಿಯಬೇಕು.

ಮೊದಲನೆಯ ಉಪಕರಣವು ಬರ್ಲಿನ್ನಿನಲ್ಲಿ ನಡುರಾತ್ರಿಯ ಬಳಿಕವೂ ಬೀದಿಯ ಅಲುಗಾಟವನ್ನು ತಾಳದೆ ಹೋಯಿತು. 1881ರಲ್ಲಿ ಅದನ್ನು ಪಾಟ್ಸ್‌ಡಾಮಿನ ವೇಧಶಾಲೆಗೆ ಸಾಗಿಸಿದನು. ಅಲ್ಲಿಯೂ ಸುಮಾರು ನೂರು ಗಜದಾಚೆ ಯಾರಾದರೂ ನೆಲವನ್ನು ಮೆಟ್ಟಿದರೆ ಪಟ್ಟೆಗಳು ಮಾಯವಾಗುತ್ತಿದ್ದುವಂತೆ! ಪಟ್ಟೆಗಳು ಸರಿಯಲಿಲ್ಲ. ನಿಶ್ಚಲವಾದ ಈಥರಿನ ಕಲ್ಪನೆಯೇ ತಪ್ಪೆಂದು ಮೈಕೆಲ್ಸನ್ನನು ಪ್ರಕಟಿಸಿಬಿಟ್ಟನು. ಆದರೆ ಅವನ ಗಣಿತದಲ್ಲಿ ಒಂದು ಲೋಪವಿದ್ದಿತು. ಅಡ್ಡಲಾಗಿ ಈಜುವವನಿಗೆ ಹೊಳೆಯ ಬಾಧೆಯೇ ಇಲ್ಲವೆಂದು, ಎಂದರೆ 20 ನಿಮಿಷದ ಬದಲು 16 ನಿಮಿಷ ಸಾಕೆಂದು, ಅವನು ಎಣಿಸಿದ್ದನು. ಫ್ರಾನ್ಸಿನ ಪೊತಿಯೇ ಎಂಬವನು ಇದನ್ನು ಎತ್ತಿ ತೋರಿಸಿದನು. 1886ರಲ್ಲಿ ಹಾಲೆಂಡಿನ ಲೊರೆಂಟ್ಸನು ಸರಿಯಾದ ಲೆಕ್ಕವನ್ನು ವಿಸ್ತರಿಸಿ ಬರೆದನು. ನಿರೀಕ್ಷಿಸಿದ್ದ ಸರಿತವು ಅರ್ಧಕ್ಕಿಳಿದು ಅಳತೆಯ ತಪ್ಪುಗಳಲ್ಲಿಯೇ ಮುಳುಗಿಹೋಗುವಷ್ಟಾಯಿತು. ಪ್ರಯೋಗವು ಏನನ್ನೂ ಸಾಧಿಸಿರಲಿಲ್ಲ.

ಮೈಕೆಲ್ಸನ್ನನು ಪಟ್ಟುಬಿಡಲಿಲ್ಲ. 1887ರ ಜುಲೈ ತಿಂಗಳಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಮಾರ್ಲಿಯೊಡಗೂಡಿ ಮತ್ತೆ ಅಳೆದನು. ಐದಡಿ ಚೌಕದ, ಒಂದಡಿ ದಪ್ಪದ ಮರಳುಗಲ್ಲಿನ ಚಪ್ಪಡಿಯನ್ನು ಮರದ ಬಳೆಯೊಂದರ ಮೇಲಿಟ್ಟು, ಅದನ್ನು ಪಾದರಸ ತುಂಬಿದ ಕಬ್ಬಿಣದ ತೊಟ್ಟಿಯಲ್ಲಿ ತೇಲಿಬಿಟ್ಟರು. ಕನ್ನಡಿಗಳ ನಡುವೆ ಹಲವು ಸಲ ಹಿಂದುಮುಂದಾಗಿ ಕಳುಹಿಸಿ ಬೆಳಕಿನ ದಾರಿಯನ್ನು 11 ಮೀಟರಿಗೆ ಹೆಚ್ಚಿಸಿದರು. ಒಮ್ಮೆ ತಳ್ಳಿದ ಬಂಡೆಯು ಸುಮಾರು ಆರು ನಿಮಿಷಕ್ಕೊಂದು ಸುತ್ತಿನಂತೆ ತಿರುಗುತ್ತಿರಲು, ನೋಡುವವನು ದೂರದರ್ಶಕಕ್ಕೆ ಕಣ್ಣಿಟ್ಟು ಅದರೊಡನೆಯೇ ಸುತ್ತುಹಾಕುತ್ತ ಹದಿನಾರು ಗುರುತುಗಳಲ್ಲಿ ಪಟ್ಟೆಗಳ ಸ್ಥಾನವನ್ನು ಓದುತ್ತ ಹೋಗುವನು. ಈಥರ್ ಇದ್ದಲ್ಲಿ ಪಟ್ಟೆಯ ಅಗಲದ ಹತ್ತರಲ್ಲಿ ನಾಲ್ಕು ಭಾಗದ ಸರಿತ ಕಾಣಬೇಕಾಗಿದ್ದಿತು. ಕಂಡುದು ಅದರ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮೂರು ಮೂರು ತಿಂಗಳಿಗೊಮ್ಮೆ ಮರಳಿ ನೋಡುವೆವೆಂದು ಬರೆದಿದ್ದರೂ ಅವರಿಬ್ಬರೂ ಅದನ್ನು ನಡೆಸಲಿಲ್ಲ. ಬಯಸಿದ್ದು ದೊರೆಯಲಿಲ್ಲವೆಂಬ ಬೇಸರವೇ ಇದಕ್ಕೆ ಕಾರಣವಾಗಿದ್ದಿರಬಹುದು.

ಈಥರನ್ನು ಉಳಿಸಿಕೊಳ್ಳಲು 1889ರಲ್ಲಿ ಫಿಟ್ಸ್‌ಜೆರಾಲ್ಡನೂ 1892ರಲ್ಲಿ ಲೊರೆಂಟ್ಸನೂ, ಚಲಿಸುವ ವಸ್ತುಗಳು ಗತಿಯ ದಿಕ್ಕಿನಲ್ಲಿ ಕುಗ್ಗುವುವೆಂದು ಊಹಿಸಿದರು. 1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದ ಐನ್‌ಸ್ಟೈನನು ಈಥರು ಬೇಕಾಗಿಯೇ ಇಲ್ಲವೆಂದನು: ಸಮವೇಗದಿಂದ ಚಲಿಸುವ ಎಲ್ಲ ಆಧಾರಗಳಿಂದ ಅಳೆದರೂ ಬೆಳಕಿನ ವೇಗವು ಒಂದೇ, ಬದಲಾಗುವುದು ನಮ್ಮ ಗಜಕಡ್ಡಿ, ಗಡಿಯಾರಗಳ ಲೆಕ್ಕ. ಅವನು ಮೈಕೆಲ್ಸನ್ನನ ಪ್ರಯೋಗದಿಂದಲೇ ಹೊರಟನೆಂದು ಪಠ್ಯಪುಸ್ತಕಗಳಲ್ಲಿ ಓದುವುದುಂಟು. ವಾಸ್ತವದಲ್ಲಿ ಆ ಲೇಖನವು ಪ್ರಾರಂಭವಾಗುವುದು ಅಯಸ್ಕಾಂತ ಮತ್ತು ತಂತಿಗಳ ವಿಚಾರದಿಂದ; ಮೈಕೆಲ್ಸನ್ನನ ಹೆಸರು ಅದರಲ್ಲೆಲ್ಲಿಯೂ ಇಲ್ಲ.

ಮೈಕೆಲ್ಸನ್ನನಿಗೆ 1907ರಲ್ಲಿ ನೊಬೆಲ್ ಬಹುಮಾನವು ಬಂದಿತು. ಅದೂ ಅವನ ಸೂಕ್ಷ್ಮ ಉಪಕರಣಗಳಿಗಾಗಿ ಮತ್ತು ಅವುಗಳಿಂದ ಮಾಡಿದ ಅಳತೆಗಳಿಗಾಗಿ. ಈಥರಿನ ಮೇಲಣ ಮಮತೆಯನ್ನು ಅವನು ಕೊನೆಯವರೆಗೂ ಬಿಡಲಾರದೆ ಹೋದನು. ಮುಪ್ಪಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಮೈಲಿ ಉದ್ದದ ಕೊಳವೆಯಿಂದ ಗಾಳಿಯನ್ನು ಹೊರತೆಗೆಯಿಸಿ, ಮತ್ತೊಮ್ಮೆ ಬೆಳಕಿನ ವೇಗವನ್ನೇ ಅಳೆಯಲು ತೊಡಗಿದನು. 1931ರ ಮೇ ತಿಂಗಳಲ್ಲಿ ಅವನು ತೀರಿಕೊಂಡಾಗ ಆ ಕೆಲಸವು ಅರ್ಧದಲ್ಲಿದ್ದಿತು. ಉಳಿದ ಅಳತೆಗಳನ್ನು ಅವನ ಸಹಾಯಕರಾದ ಪೀಸ್ ಮತ್ತು ಪಿಯರ್ಸನ್ನರು ಮುಗಿಸಿದರು.