ಉಮಿಸ್ತ: ವಸ್ತುವಿನ ಪುನರಾಗಮನವೂ ಪ್ರತಿಬಿಂಬದ ಹಂಚಿಕೆಯೂ

ಕೆನಡಾ ದೇಶದ ಪಶ್ಚಿಮತೀರದ ಕ್ವಾಕ್ವಕಾವಕ್ವ ಜನರಲ್ಲಿ 'ಪಾಟ್‌ಲ್ಯಾಚ್' ಎಂಬ ಮಹೋತ್ಸವವು ಪೂರ್ವಿಕರ ಕಾಲದಿಂದ ನಡೆದುಬಂದಿದೆ. ವಿವಾಹ, ನಾಮಕರಣ, ಮೃತರ ಸ್ಮರಣೆ ಮೊದಲಾದ ಸಂದರ್ಭಗಳಲ್ಲಿ ಗೃಹಪತಿಯು ತನ್ನ ವಂಶದ ಹಾಡು, ನೃತ್ಯ, ಮುಖವಾಡಗಳನ್ನು ಸಭೆಗೆ ತೋರಿಸಿ, ಬಂದವರಿಗೆಲ್ಲ ಉಡುಗೊರೆ ಕೊಡುವನು. ಅದನ್ನು ಸ್ವೀಕರಿಸಿದವರು ಆತನ ಹಕ್ಕುಗಳಿಗೆ ಸಾಕ್ಷಿಗಳಾಗುವರು. ವಂಶದ ಹಕ್ಕನ್ನು ಬರಹದಲ್ಲಿಡದ ಆ ಸಮಾಜಕ್ಕೆ ಈ ಸಭೆಯೇ ಶಾಸನ. ಮುಖವಾಡವೇ ಅದರ ಮುದ್ರೆ.

ಇದನ್ನು ದುಂದುವೆಚ್ಚದ ಅನಾಚಾರವೆಂದು ಬಗೆದ ಕೆನಡಾ ಸರ್ಕಾರವು 1884ರಲ್ಲಿ ಕಾಯಿದೆಯಿಂದ ನಿಷೇಧಿಸಿತು. 1921ರ ಡಿಸೆಂಬರಿನಲ್ಲಿ ಡ್ಯಾನ್ ಕ್ರಾನ್ಮರ್ ವಿಲೇಜ್ ದ್ವೀಪದಲ್ಲಿ ನಡೆಸಿದ ಉತ್ಸವದ ಸಂಬಂಧವಾಗಿ 45 ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಉತ್ಸವದ ಸಾಮಗ್ರಿಗಳನ್ನು ಒಪ್ಪಿಸಿದರೆ ಸೆರೆವಾಸ ತಪ್ಪುವುದೆಂದು ಅಧಿಕಾರಿಗಳು ಷರತ್ತು ಹಾಕಿದರು. ಹೀಗೆ 1922ರಲ್ಲಿ ಕೈಬಿಟ್ಟ ವಸ್ತುಗಳು ಆಟವಾ, ಟೊರಾಂಟೊ, ನ್ಯೂಯಾರ್ಕ್ ನಗರಗಳ ಸಂಗ್ರಹಗಳನ್ನು ಸೇರಿದುವು.

ನಿಷೇಧವು 1951ರಲ್ಲಿ ಕಾಯಿದೆಯಿಂದ ಮರೆಯಾದರೂ ವಸ್ತುಗಳು ಒಡನೆಯೇ ಮರಳಲಿಲ್ಲ. ದೀರ್ಘಕಾಲದ ಒತ್ತಾಯದ ಫಲವಾಗಿ ಕೇಪ್ ಮಜ್‌ನಲ್ಲಿ 1979ರಲ್ಲಿಯೂ ಅಲರ್ಟ್ ಬೇಯಲ್ಲಿ 1980ರಲ್ಲಿಯೂ ಅವುಗಳಿಗಾಗಿ ಸಂಗ್ರಹಾಲಯಗಳೆದ್ದುವು. ಎರಡನೆಯದರ ಹೆಸರು 'ಉಮಿಸ್ತ'. ಶತ್ರುಗಳ ಸೆರೆಸಿಕ್ಕಿದವರು ಮನೆಗೆ ಮರಳಿದರೆ, ಅವರಿಗೆ 'ಉಮಿಸ್ತ' ಒದಗಿತೆಂದು ಪೂರ್ವಿಕರು ಹೇಳುತ್ತಿದ್ದರು. ಟೊರಾಂಟೊ ಸಂಗ್ರಹವು 1988ರಲ್ಲಿ ಹಿಂದಿರುಗಿತು. ಬ್ರಿಟಿಷ್ ಮ್ಯೂಸಿಯಂ ಸೇರಿದ್ದ ಒಂದು ಮುಖವಾಡವಾದರೋ 2005ರಲ್ಲಿ ಎರವಲಾಗಿ ಮಾತ್ರ ಬಂದಿತು.

ದೂರದಲ್ಲಿ ಚದುರಿದ ಉಳಿದ ವಸ್ತುಗಳ ವಿಷಯದಲ್ಲಿ ಅಂತರ್ಜಾಲವು ಹೊಸದೊಂದು ಮಾರ್ಗವನ್ನು ತೆರೆಯಿತು. ಉಮಿಸ್ತ ಸಂಸ್ಥೆ, ಮಸ್ಕ್ವಿಯಮ್ ಮತ್ತು ಸ್ಟೋಲೊ ಜನರು, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರ ಸಂಗ್ರಹಾಲಯ, ಇವರು ಕೂಡಿ ನಿರ್ಮಿಸಿದ 'ಪರಸ್ಪರ ಸಂಶೋಧನಜಾಲ'ವು 2010ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹಲವು ಸಂಗ್ರಹಾಲಯಗಳ ಚಿತ್ರಗಳೂ ವಿವರಗಳೂ ಅಲ್ಲಿ ಒಂದೆಡೆ ದೊರೆಯುತ್ತವೆ; ಮೂಲನಿವಾಸಿಗಳು ತಮ್ಮ ತಿಳಿವಳಿಕೆಯನ್ನು ಅವಕ್ಕೆ ಸೇರಿಸಬಹುದು. ಮುಖವಾಡದ ಅಳತೆಯನ್ನು ಸಂಗ್ರಹಾಲಯವು ಬಲ್ಲುದು; ಅದು ಯಾವ ವಂಶದ್ದು, ಯಾವ ಹಾಡಿನೊಡನೆ ಹೊರಬರತಕ್ಕದ್ದು ಎಂಬುದನ್ನು ಆ ಜನರೇ ಬಲ್ಲರು. ಆದುದರಿಂದ ಈ ಜಾಲದ ಹಿರಿಮೆಯು ಚಿತ್ರಗಳ ಸಂಖ್ಯೆಯಲ್ಲಿಲ್ಲ. ಅದನ್ನು ಕಟ್ಟುವುದರಲ್ಲಿ ವಸ್ತುವಿನ ಒಡೆಯರೂ ಪಾಲುಗಾರರಾದುದರಲ್ಲಿದೆ.

ಆದರೂ ಪ್ರತಿಬಿಂಬವು ವಸ್ತುವಲ್ಲ. ಚಿತ್ರವನ್ನು ಧರಿಸಿ ಕುಣಿಯಲಾಗದು. ಸಭೆಯ ಮುಂದೆ ಅದು ವಂಶದ ಹಕ್ಕನ್ನು ಸಾರಲಾರದು. ಕಳೆದುದು ಎಲ್ಲಿದೆಯೆಂದು ತೋರಿಸುವುದು ಪ್ರತಿಬಿಂಬದ ಉಪಕಾರ. ತೋರಿಸಿದ ಮೇಲೆ ಹಿಂದಿರುಗಿಸುವ ಹೊಣೆ ಹಗುರವಾಗುವುದಿಲ್ಲ, ಮತ್ತಷ್ಟು ಸ್ಪಷ್ಟವಾಗುತ್ತದೆ.