ತೆರಿಗೆಯವರು ಕೊರೆದ ಸಿಲಿಂಡರ್

1921ರ ಜನವರಿಯಿಂದ ಬ್ರಿಟನ್ನಿನ ಕಾರು ಮಾಲೀಕರು ಪ್ರತಿ ಅಶ್ವಶಕ್ತಿಗೆ ವರ್ಷಕ್ಕೊಂದು ಪೌಂಡಿನಂತೆ ತೆರಿಗೆ ಕಟ್ಟಬೇಕಾಯಿತು. ಈ ಅಶ್ವಶಕ್ತಿ ಎಂಜಿನ್ನಿನಿಂದ ಹೊಮ್ಮುವ ಶಕ್ತಿಯಲ್ಲ, ಕಾಗದದ ಮೇಲೆ ಓಡುವ ಕುದುರೆ. ಸಿಲಿಂಡರಿನ ಬಾಯಿ ಎಷ್ಟು ಅಂಗುಲ ಅಗಲವಿದೆ ಎಂದು ನೋಡುವುದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸುವುದು, ಎರಡೂವರೆಯಿಂದ ಭಾಗಿಸುವುದು. ರಾಯಲ್ ಆಟೊಮೊಬೈಲ್ ಕ್ಲಬ್ ರೂಪಿಸಿದ್ದ ಈ ಸೂತ್ರ ಬೋರನ್ನು, ಅಂದರೆ ಈ ಅಗಲವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿತ್ತು. ಪಿಸ್ಟನ್ ಮೇಲೆ ಕೆಳಗೆ ಎಷ್ಟು ದೂರ ಓಡುತ್ತದೆ, ಅಂದರೆ ಸ್ಟ್ರೋಕ್ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಈ ಲೆಕ್ಕ ಅಮೆರಿಕ ಮೂಲದ ಫೋರ್ಡ್ ಮಾಡೆಲ್ ಟಿಗೆ ಬರೆ ಎಳೆಯಿತು. 2.9 ಲೀಟರಿನ ಅದರ ನಾಲ್ಕು ಸಿಲಿಂಡರುಗಳು ತಲಾ 3.75 ಅಂಗುಲ ಅಗಲ. ಎಂಜಿನ್ ನಿಜವಾಗಿ ಕೊಡುತ್ತಿದ್ದದ್ದು 20 ಅಶ್ವಶಕ್ತಿ. ಸೂತ್ರದ ಪ್ರಕಾರ 22.5, ಕಟ್ಟಬೇಕಾದದ್ದು 23 ಪೌಂಡ್.

ಬರ್ಮಿಂಗ್‌ಹ್ಯಾಮ್ ಹತ್ತಿರ ಕಾರ್ಖಾನೆ ನಡೆಸುತ್ತಿದ್ದ ಹರ್ಬರ್ಟ್ ಆಸ್ಟಿನ್ ಅದೇ ವರ್ಷ ಸಾಲಕ್ಕೆ ಸಿಕ್ಕಿ ಒದ್ದಾಡುತ್ತಿದ್ದ. ತೀರಾ ಪುಟ್ಟ ಕಾರೊಂದನ್ನು ಮಾಡೋಣವೆಂದರೆ ನಿರ್ದೇಶಕ ಮಂಡಳಿ ಒಪ್ಪಲಿಲ್ಲ. ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ನಕ್ಷೆಗಾರನನ್ನು ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿ ನಕ್ಷೆ ಬರೆಸಿದ. 1922ರಲ್ಲಿ ಹೊರಬಂದ ಆಸ್ಟಿನ್ ಸೆವೆನ್‌ಗೆ ಬೇಗನೆ 747 ಸಿಸಿ ಎಂಜಿನ್ ಕಾಯಂ ಆಯಿತು. ಬೋರ್ 56 ಮಿಲಿಮೀಟರ್, ಸ್ಟ್ರೋಕ್ 76. ತೆರಿಗೆ ಎಂಟೇ ಪೌಂಡ್. ಜರ್ಮನಿಯಲ್ಲಿ ಇದೇ ಕಾರನ್ನು ಲೈಸೆನ್ಸ್ ಪಡೆದು ತಯಾರಿಸುತ್ತಿದ್ದ ಡಿಕ್ಸಿ ಕಂಪನಿಯನ್ನು 1928ರಲ್ಲಿ ಬಿಎಂಡಬ್ಲ್ಯು ಕೊಂಡಿತು. ಬಿಎಂಡಬ್ಲ್ಯು ಕಾರು ತಯಾರಿಕೆಗೆ ಕಾಲಿಟ್ಟದ್ದೇ ಹಾಗೆ.

ಬ್ರಿಟನ್ನಿನ ಉಳಿದ ತಯಾರಕರೂ ಬಾಯಿ ಕಿರಿದು ಮಾಡಿ ಸ್ಟ್ರೋಕ್ ಉದ್ದ ಮಾಡುವ ದಾರಿ ಹಿಡಿದರು. ಇಂಥ ಎಂಜಿನ್ ನಿಧಾನಕ್ಕೆ ಎಳೆಯಬಲ್ಲದು, ಆದರೆ ಪಿಸ್ಟನ್ ದೂರ ಓಡಬೇಕಾದ್ದರಿಂದ ಜೋರಾಗಿ ತಿರುಗಲಾರದು. ಊರ ರಸ್ತೆಗೆ ಸರಿಯಿದ್ದದ್ದು ಹೊರದೇಶದ ಉದ್ದನೆಯ ಹೆದ್ದಾರಿಗಳಲ್ಲಿ ಏದುಸಿರು ಬಿಡುತ್ತಿತ್ತು. 1940ರ ದಶಕದ ಕೊನೆಗೆ ಅಶ್ವಶಕ್ತಿಯ ತೆರಿಗೆ ಹೋಯಿತು, ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ಮಾರಿಸ್ ಆಕ್ಸ್‌ಫರ್ಡ್‌ನಿಂದ ನಮ್ಮ ಅಂಬಾಸಿಡರ್‌ಗೆ ಬಂದ 1489 ಸಿಸಿ ಎಂಜಿನ್ನನ್ನೇ ನೋಡಬಹುದು: ಬೋರ್ 73 ಮಿಲಿಮೀಟರ್, ಸ್ಟ್ರೋಕ್ ಸುಮಾರು 89.

ಜಪಾನ್ ಬೋರು ಬಿಟ್ಟು ಸಿಸಿಯನ್ನೇ ಅಳೆಯಿತು. ಯುದ್ಧದಲ್ಲಿ ಸೋತು ಬಡವಾಗಿದ್ದ ದೇಶದಲ್ಲಿ ಜನರ ಕೈಗೆಟುಕುವ ಕಾರು ಬೇಕಿತ್ತು. 'ಕೇ' ಎಂಬ ಪುಟ್ಟ ವರ್ಗಕ್ಕೆ ತೆರಿಗೆ ರಿಯಾಯಿತಿ ಸಿಕ್ಕಿತು. ಅದರ ಮಿತಿ 1955ರಲ್ಲಿ 360 ಸಿಸಿ, 1976ರಲ್ಲಿ 550, 1990ರಲ್ಲಿ 660. ಈ ಅಚ್ಚಿನಲ್ಲೇ ಬೆಳೆದ ಸುಜುಕಿ ಕಂಪನಿ ಭಾರತಕ್ಕೆ ಬಂದಾಗ ತಂದದ್ದೂ ಕೇ ಗಾತ್ರದ ಕಾರನ್ನೇ. ಜಪಾನಿನ ಮಿತಿ ಇಲ್ಲಿಗೆ ಅನ್ವಯಿಸದ ಕಾರಣ ಒಳಗಿನ ಎಂಜಿನ್ ಮಾತ್ರ 796 ಸಿಸಿಗೆ ಹಿಗ್ಗಿತ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಗ್ರಾಹಕನಿಗೆ ಕೀಲಿಕೈ ಕೊಟ್ಟ ಮಾರುತಿ 800 ಅದು.

ಅಲ್ಲಿಯವರೆಗೆ ಚಿಕ್ಕ ಎಂಜಿನ್ ಎಂದರೆ ಚಿಕ್ಕ ಕಾರು. ದೊಡ್ಡ ಕಾರಿಗೂ ಚಿಕ್ಕ ಎಂಜಿನ್ ಕೂರಿಸಬಹುದೆಂಬ ಯೋಚನೆ ಬಲಿತದ್ದು ಈ ಶತಮಾನದಲ್ಲಿ. ಅದಕ್ಕೆ ಬೇಕಾದ ಟರ್ಬೊ ಹಳೆಯದೇ. ಹೊಗೆಯ ರಭಸದಿಂದ ಚಕ್ರ ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಆಗಲಿ 1973ರ ಬಿಎಂಡಬ್ಲ್ಯು 2002 ಟರ್ಬೊ ಆಗಲಿ ಅದನ್ನು ಬಳಸಿದ್ದು ವೇಗಕ್ಕಾಗಿ. ಮೈಲೇಜಿನ ಮಾತು ಅಲ್ಲಿರಲಿಲ್ಲ.

ಮೈಲೇಜಿನ ಲೆಕ್ಕ ಬೇರೆಯದೇ. ದೊಡ್ಡ ಪೆಟ್ರೋಲ್ ಎಂಜಿನ್ ಊರೊಳಗೆ ಓಡುವಾಗ ತನ್ನ ಸಾಮರ್ಥ್ಯದ ಅಲ್ಪ ಭಾಗವನ್ನಷ್ಟೇ ಬಳಸುತ್ತದೆ. ನಾಲ್ಕು ಜನರ ಸಾರಿಗೆ ಮದುವೆಮನೆಯ ಕೊಪ್ಪರಿಗೆ ಒಲೆಗೇರಿಸಿದ ಹಾಗೆ. ಅರೆಮುಚ್ಚಿದ ಥ್ರಾಟಲ್ ಮೂಲಕ ಗಾಳಿ ಎಳೆದುಕೊಳ್ಳುವುದರಲ್ಲೂ ಪಿಸ್ಟನ್ನುಗಳ ತಿಕ್ಕಾಟದಲ್ಲೂ ಇಂಧನ ಪೋಲಾಗುತ್ತದೆ. ಸಿಲಿಂಡರುಗಳನ್ನು ಕಡಿಮೆ ಮಾಡಿ, ಏರುದಾರಿಗೋ ಓವರ್‌ಟೇಕಿಗೋ ಬೇಕಾದಾಗ ಮಾತ್ರ ಟರ್ಬೊವನ್ನು ದುಡಿಸಿಕೊಂಡರೆ ಈ ಪೋಲು ತಗ್ಗುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸಿದರೆ ಒಳಗೆ ತಂಪಾಗಿ, ಟರ್ಬೊ ಎಂಜಿನ್ನಿಗೆ ಅಂಟಿದ್ದ, ಇಂಧನ ತಾನಾಗಿಯೇ ಸಿಡಿಯುವ ನಾಕಿಂಗ್ ಕಾಟವೂ ಹತೋಟಿಗೆ ಬರುತ್ತದೆ.

ಯೂರೋಪಿನಲ್ಲಿ ಇದಕ್ಕೆ ಕಾನೂನಿನ ಒತ್ತಾಸೆ ಸಿಕ್ಕಿತು. 2009ರ ನಿಯಮ ಹೊಸ ಕಾರುಗಳ ಸರಾಸರಿ ಇಂಗಾಲದ ಡೈ ಆಕ್ಸೈಡನ್ನು 2015ರ ಹೊತ್ತಿಗೆ ಕಿಲೋಮೀಟರಿಗೆ 130 ಗ್ರಾಮಿಗೆ ಇಳಿಸಬೇಕೆಂದಿತು. ಫೋಕ್ಸ್‌ವ್ಯಾಗನ್ 2005ರಲ್ಲೇ ಗಾಲ್ಫ್ ಕಾರಿನ 1.4 ಲೀಟರ್ ಎಂಜಿನ್ನಿಗೆ ಟರ್ಬೊ, ಎಂಜಿನ್ ಬಲದಿಂದಲೇ ಗಾಳಿ ತುರುಕುವ ಸೂಪರ್‌ಚಾರ್ಜರ್ ಎರಡನ್ನೂ ಜೋಡಿಸಿ 170 ಅಶ್ವಶಕ್ತಿ ಹೊರಡಿಸಿತ್ತು. ಫಿಯೆಟ್ ಎರಡೇ ಸಿಲಿಂಡರಿನ 875 ಸಿಸಿಗೆ ಇಳಿಯಿತು. 2012ರಲ್ಲಿ ಫೋರ್ಡ್ ಕಂಪನಿಯ ಮೂರು ಸಿಲಿಂಡರಿನ, ಒಂದು ಲೀಟರಿನ ಇಕೋಬೂಸ್ಟ್ ಬಂತು. ಅದರ ಬ್ಲಾಕನ್ನು ಎ4 ಹಾಳೆಯ ಮೇಲೆ ಇಡಬಹುದಿತ್ತು. ವರ್ಷದ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಮೂರು ವರ್ಷ ಸತತವಾಗಿ ಅದಕ್ಕೇ ಸಂದಿತು.

ಆದರೆ ಗ್ರಾಮಿನ ಲೆಕ್ಕ ಹುಟ್ಟುತ್ತಿದ್ದದ್ದು ಪ್ರಯೋಗಾಲಯದ ಉರುಳೆಗಳ ಮೇಲೆ. ಹಳೆಯ ಯೂರೋಪಿಯನ್ ಪರೀಕ್ಷೆ 1180 ಸೆಕೆಂಡಿನದು. ಕಾರು ಸುಮಾರು 11 ಕಿಲೋಮೀಟರ್ ಮಾತ್ರ ಓಡುತ್ತಿತ್ತು, ಅದೂ ಮೆತ್ತಗೆ. ಅಷ್ಟಕ್ಕೆ ಟರ್ಬೊ ಬೆವರುವ ಪ್ರಸಂಗವೇ ಇಲ್ಲ. ನಿಜವಾದ ಹೆದ್ದಾರಿಯಲ್ಲಿ ಅದೇ ಎಂಜಿನ್ ಜೋರಾಗಿ ದುಡಿಯತೊಡಗಿದರೆ ಬಿಸಿ ತಗ್ಗಿಸಲು ಹೆಚ್ಚುವರಿ ಪೆಟ್ರೋಲ್ ಸುರಿಯಬೇಕು. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದ 2015ರ ಹಗರಣದ ತರುವಾಯ ಪರೀಕ್ಷೆಗಳ ಮೇಲಿನ ನಂಬಿಕೆಯೇ ಅಲುಗಾಡಿತು. 2017ರಿಂದ ಇನ್ನೂ ಉದ್ದದ, ಕಠಿಣವಾದ ಪರೀಕ್ಷೆ ಜಾರಿಗೆ ಬಂದಾಗ ಎಂಜಿನ್‌ಗಳು ಮತ್ತೆ ಕೊಂಚ ಮೈತುಂಬಿಕೊಂಡವು: ಫೋಕ್ಸ್‌ವ್ಯಾಗನ್‌ನ 1.4 ಹೋಗಿ 1.5 ಬಂತು, ರೆನೋದ 0.9 ಹೋಗಿ 1.0 ಬಂತು. ಟರ್ಬೊ ಗಾಳಿಗೆ ಬೀಳದ ಮಜ್ದಾ ಅಷ್ಟು ಹೊತ್ತಿಗೆ ಎರಡು ಲೀಟರಿನ ಎಂಜಿನ್ನಲ್ಲೇ ಸಂಪೀಡನ ಏರಿಸಿ ಮೈಲೇಜ್ ಗಿಟ್ಟಿಸಿಕೊಂಡಿತ್ತು.

ಭಾರತದ ತೆರಿಗೆಯ ಟೇಪು ಎರಡು ಕಡೆ ಅಳೆಯುತ್ತದೆ. 2006ರ ಬಜೆಟ್ಟಿನಲ್ಲಿ ಪಿ. ಚಿದಂಬರಂ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಉದ್ದ ನಾಲ್ಕು ಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲಿನದಾದರೆ 1200 ಸಿಸಿ, ಡೀಸೆಲ್‌ನದಾದರೆ 1500 ಸಿಸಿ ಮೀರಬಾರದು. ಟಾಟಾ 2008ರಲ್ಲಿ ಇಂಡಿಗೊದ ಡಿಕ್ಕಿ ಮೋಟುಮಾಡಿತು. ಮಾರುತಿ 2010ರಲ್ಲಿ ಸ್ವಿಫ್ಟ್‌ನ 1298 ಸಿಸಿ ಪೆಟ್ರೋಲ್ ಎಂಜಿನ್ ತೆಗೆದು 1197 ಸಿಸಿಯದನ್ನು ಕೂರಿಸಿತು, 2012ರಲ್ಲಿ ಡಿಜೈರ್‌ನ ಹಿಂಭಾಗವನ್ನೂ ಕತ್ತರಿಸಿತು. ಹೋಂಡಾ ಅಮೇಜ್‌ನ ಡೀಸೆಲ್ 1498 ಸಿಸಿ, ಮಿತಿಗೆ ಎರಡೇ ಸಿಸಿ ಬಾಕಿ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಬಂದ ಅಣ್ಣ ತಮ್ಮಂದಿರ ನಡುವೆಯೂ ಇದೇ ಗೆರೆ: 4.26 ಮೀಟರ್ ಉದ್ದದ ಎಟಿಯೋಸ್‌ಗೆ 1.5 ಲೀಟರ್ ಪೆಟ್ರೋಲ್, 2011ರ ಗಿಡ್ಡ ಲಿವಾಗೆ 1197 ಸಿಸಿ.

ನಿಯಮದ ಸೋಜಿಗ ಎದ್ದು ಕಂಡದ್ದು 2013ರ ಫೋರ್ಡ್ ಇಕೋಸ್ಪೋರ್ಟ್‌ನಲ್ಲಿ. ಉದ್ದ 3999 ಮಿಲಿಮೀಟರ್. ಟರ್ಬೊ ಇದ್ದ, ಹೆಚ್ಚು ಶಕ್ತಿಯ, ಹೆಚ್ಚು ದುಬಾರಿ ತಂತ್ರಜ್ಞಾನದ ಒಂದು ಲೀಟರ್ ಎಂಜಿನ್ 'ಚಿಕ್ಕ ಕಾರು' ಎನಿಸಿಕೊಂಡು ರಿಯಾಯಿತಿ ಪಡೆಯಿತು. ಟರ್ಬೊ ಇಲ್ಲದ, ಸರಳವಾದ 1499 ಸಿಸಿ ಪೆಟ್ರೋಲ್ ಎಂಜಿನ್ ಅದೇ ಬಾನೆಟ್ಟಿನ ಕೆಳಗಿದ್ದರೂ ಹೆಚ್ಚು ಸುಂಕ ಕಟ್ಟಿತು.

2017ರಲ್ಲಿ ಜಿಎಸ್‌ಟಿ ಬಂದರೂ ಟೇಪು ಬದಲಾಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಹೊಸ ದರದಲ್ಲೂ 1200 ಸಿಸಿ, 1500 ಸಿಸಿ, ನಾಲ್ಕು ಮೀಟರ್ ಹಾಗೆಯೇ ಉಳಿದಿವೆ. ಒಳಗಿದ್ದರೆ ಶೇ 18, ಮೀರಿದರೆ ಶೇ 40. ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಯಲ್ಲಿ ವಿದ್ಯುತ್ ಮೋಟರಿಗೆ ಜೊತೆಯಾಗಿರುವುದು ಟರ್ಬೊ ಇಲ್ಲದ 1987 ಸಿಸಿ ಪೆಟ್ರೋಲ್ ಎಂಜಿನ್. ಅಧಿಕೃತ ಮೈಲೇಜ್ ಲೀಟರಿಗೆ 23.24 ಕಿಲೋಮೀಟರ್. ಅದು ಶೇ 40ರ ಸಾಲಿನಲ್ಲಿದೆ. ಅಳೆಯಲು ಸಿಲಿಂಡರೇ ಇಲ್ಲದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 5.