ಓಲೆಯಿಂದ ಅಚ್ಚಿಗೆ: ಮಂಗಳೂರಿನ ಕಲ್ಲಚ್ಚೂ ಪಾಠಶಾಲೆಯೂ

ಓಲೆಗರಿಯ ಗ್ರಂಥದಿಂದ ಅಚ್ಚಿನ ಪುಸ್ತಕಕ್ಕೆ ಕನ್ನಡಿಗರು ದಾಟಿದ ಬಗೆಯನ್ನು ವಿಚಾರಿಸುವಾಗ ಯಂತ್ರದ ಚರಿತ್ರೆಯನ್ನು ಮಾತ್ರ ಹೇಳಿ ಮುಗಿಸುವುದುಂಟು. ಆ ದಾಟುವಿಕೆಯಲ್ಲಿ ಜನರಿಗೆ ದಾರಿತೋರಿದವರಲ್ಲಿ ಪಾಠಶಾಲೆಗಳ ಮುಖ್ಯಸ್ಥರೂ ಇದ್ದರೆಂಬುದಕ್ಕೆ ಮಂಗಳೂರಿನ ವೃತ್ತಾಂತವು ಉತ್ತಮ ನಿದರ್ಶನವು.

ಹರ್ಮನ್ ಮೊಗ್ಲಿಂಗನು 1836ರಲ್ಲಿ ಆ ಪಟ್ಟಣಕ್ಕೆ ಬಂದು, ತರುವಾಯ ಬಾಸೆಲ್ ಮಿಷನ್ನಿನ ಉಪದೇಶಕರ ವಿದ್ಯಾಲಯಕ್ಕೆ ಮುಖ್ಯಸ್ಥನಾದನು. 1841ರಲ್ಲಿ ಮಿಷನ್ನಿನ ಮುದ್ರಣಾಲಯವು ಅಲ್ಲಿ ಆರಂಭವಾಯಿತು. ಆ ಕಾಲಕ್ಕೆ ಓದೆಂದರೆ ಓಲೆಯ ಅಥವಾ ಕಡತದ ಓದು. ಹದಮಾಡಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮಸಿಯನ್ನು ತೊಡೆದು ಅಕ್ಷರವನ್ನು ಮೂಡಿಸಬೇಕು. ಗುರುಮುಖದಿಂದ ಕೇಳಿದ ಪಾಠಕ್ಕೆ ಓಲೆಯು ಸಾಕ್ಷಿಯಾಗಿತ್ತೇ ಹೊರತು ಗುರುವಿನ ಸ್ಥಾನವನ್ನು ಪಡೆದಿರಲಿಲ್ಲ.

ಇಂತಹ ಸಮಾಜಕ್ಕೆ ಮೊಳೆಯಚ್ಚಿಗಿಂತ ಮೊದಲು ಕಲ್ಲಚ್ಚು ಬಂದುದು ಒಂದು ಭಾಗ್ಯವೆನ್ನಬೇಕು. ಜಿಡ್ಡಿನ ಮಸಿಯಿಂದ ಬರೆದುದನ್ನು ನುಣುಪಾದ ಕಲ್ಲಿಗೆ ಇಳಿಸಿ, ಕಲ್ಲನ್ನು ತೋಯಿಸಿ, ಮಸಿಯ ಉರುಳೆಯನ್ನು ಹಾಯಿಸಿದರೆ, ತೇವವಿದ್ದೆಡೆಯಲ್ಲಿ ಮಸಿಯು ಹತ್ತದೆ ಅಕ್ಷರಗಳಿಗೆ ಮಾತ್ರ ಹತ್ತುವುದು. ಗುಣಿತ, ಒತ್ತಕ್ಷರಗಳಿಗಾಗಿ ನೂರಾರು ಮೊಳೆಗಳನ್ನು ಎರಕಹೊಯ್ಯಿಸುವ ಕಷ್ಟವಿಲ್ಲ. ಲಿಪಿಕಾರನ ಕೈಬರಹವೇ ಪುಟದಲ್ಲಿ ನಿಲ್ಲುವುದರಿಂದ ಓದುಗನ ಕಣ್ಣಿಗೆ ಅದು ಪರಕೀಯವಾಗಿ ತೋರದು. ಲಿಪಿಕಾರನಿಗೂ ಕೆಲಸ ತಪ್ಪದು.

ಆದರೂ ಹಿಂಜರಿದವರನ್ನು ಮೂಢರೆನ್ನುವುದು ನ್ಯಾಯವಲ್ಲ. ಅದೇ ಮುದ್ರಣಾಲಯದಿಂದ ಮತಪ್ರಚಾರದ ಪುಸ್ತಿಕೆಗಳೂ ಹೊರಡುತ್ತಿದ್ದವು, ಶಂಕೆಗೆ ಕಾರಣವಿತ್ತು. ಮೊಗ್ಲಿಂಗನ ವಿವೇಕವು ಕಾಣುವುದು ಇಲ್ಲಿಯೇ. 1843ರ ಜುಲೈ 1ರಂದು ಹೊರಟ 'ಮಂಗಳೂರ ಸಮಾಚಾರ'ದಲ್ಲಿ ಊರ ವರ್ತಮಾನ, ಸರಕಾರಿ ನಿರೂಪಗಳೊಡನೆ ಪುರಂದರದಾಸರ ಪದಗಳಿಗೂ ಎಡೆ ದೊರೆಯಿತು. ಮರುವರ್ಷ ಪತ್ರಿಕೆಯು ಬಳ್ಳಾರಿಯ ಅಚ್ಚುಕೂಟಕ್ಕೆ ಹೋಗಿ 'ಕನ್ನಡ ಸಮಾಚಾರ'ವಾಯಿತು. 1848ರಿಂದ, ನಿವೃತ್ತ ಅಧಿಕಾರಿ ಕಾಸಮೇಜರನ ಧನಸಹಾಯದಿಂದ, 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಕಲ್ಲಚ್ಚಿನಲ್ಲಿಯೇ ಪ್ರಕಟವಾದವು. ಗಮಕಿಯ ಬಾಯಿಂದಲೂ ದಾಸರ ತಂಬೂರಿಯ ಜೊತೆಗೂ ಜನರು ಕೇಳಿಬಂದವುಗಳೇ ಇವು. ಹೊಸ ಸಾಧನವನ್ನು ಹಳೆಯ ಗ್ರಂಥಗಳಿಗೆ ಮೊದಲು ಸಲ್ಲಿಸಿದುದರಿಂದಲೇ ಅದು ಮನೆಯೊಳಕ್ಕೆ ಬಂದಿತೆಂದು ತೋರುತ್ತದೆ.

ಇದರಿಂದ ಒಂದು ಅಪಾಯವೂ ಹುಟ್ಟಿತು. ಓಲೆಯಲ್ಲಿ ಲಿಪಿಕಾರನ ಪ್ರಮಾದವು ಆ ಪ್ರತಿಗೂ ಅದರ ಸಂತತಿಗೂ ಸೇರಿದ್ದು. ಅಚ್ಚಿನಲ್ಲಿ ಅದು ಎಲ್ಲ ಪ್ರತಿಗಳಲ್ಲಿಯೂ ಒಮ್ಮೆಗೇ ಬಿದ್ದು, ಇದೇ ಶುದ್ಧಪಾಠವೆಂಬ ಭ್ರಾಂತಿಯನ್ನುಂಟುಮಾಡುವುದು. ಹಲವು ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಹೊಣೆಯು ಅಚ್ಚಿನಿಂದ ಕಡಮೆಯಾಗಲಿಲ್ಲ, ಹೆಚ್ಚಾಯಿತು. ಆ ಹೊಣೆಯನ್ನು ಹೊತ್ತವರಲ್ಲಿಯೂ ವಿದ್ಯಾಶಾಲೆಯವರನ್ನೇ ಕಾಣುತ್ತೇವೆ. ಬೆಂಗಳೂರಿನಲ್ಲಿ ಅಧ್ಯಾಪಕನಾಗಿದ್ದು ಮೈಸೂರು ವಿದ್ಯಾಭ್ಯಾಸದ ಇಲಾಖೆಗೆ ಮುಖ್ಯಾಧಿಕಾರಿಯಾದ ಬಿ. ಎಲ್. ರೈಸನು 1884ರಲ್ಲಿ ಕರ್ಣಾಟಕ ಭಾಷಾಭೂಷಣವನ್ನು ಪ್ರಕಟಿಸಿದನು. 1898ರಲ್ಲಿ ಕವಿರಾಜಮಾರ್ಗವನ್ನು ಸಂಪಾದಿಸಿದ ಕೆ. ಬಿ. ಪಾಠಕರೂ ಅಧ್ಯಾಪಕರೇ.